ಜ್ವಾಲೆ ಕಾಣದ ಬೆಂಕಿಯನ್ನು ಕಂಪ್ಯೂಟರಿನಲ್ಲಿ ಹೊತ್ತಿಸುವುದು ಹೇಗೆ?

ಬೂದಿ ಮುಚ್ಚಿದ ಕೆಂಡ ಅನ್ನುವ ಮಾತು ನಮಗೆಲ್ಲ ಗೊತ್ತು. ಮೇಲೆ ಏನೂ ಕಾಣುವುದಿಲ್ಲ, ಕೈ ಇಟ್ಟರೆ ಗೊತ್ತಾಗುತ್ತದೆ. ಅನಿಲದ ಉರಿಯಲ್ಲೂ ಹೆಚ್ಚುಕಡಿಮೆ ಇಂಥದ್ದೇ ಒಂದು ಸ್ಥಿತಿ ಇದೆ.

1989ರಲ್ಲಿ ಜರ್ಮನಿಯಲ್ಲಿ ಯೋಆಕಿಮ್ ವ್ಯೂನಿಂಗ್ ಒಂದು ಕುಲುಮೆಯ ಬರ್ನರ್ ಪರೀಕ್ಷೆ ಮಾಡುತ್ತಿದ್ದರು. ಕುಲುಮೆಯ ಒಳಗೆ ಸುಮಾರು 1000 ಡಿಗ್ರಿ ಸೆಲ್ಸಿಯಸ್. ಒಳಗೆ ಹೋಗುವ ಗಾಳಿಯನ್ನೂ ಸುಮಾರು 650 ಡಿಗ್ರಿಗೆ ಕಾಯಿಸಿದ್ದರು. ಆಗ ಜ್ವಾಲೆಯೇ ಮಾಯವಾಯಿತು. ಬೆಂಕಿ ಇದೆಯೋ ಇಲ್ಲವೋ ಎಂದು ಕಾಯುವ ಅಲ್ಟ್ರಾವಯಲೆಟ್ ಸೆನ್ಸರ್‌ಗೂ ಏನೂ ಸಿಗಲಿಲ್ಲ. ಆದರೆ ಇಂಧನ ಪೂರ್ತಿ ಉರಿದಿತ್ತು. ಹೊಗೆಯಲ್ಲಿ ನೈಟ್ರೋಜನ್ ಆಕ್ಸೈಡ್ ಹತ್ತಿರಹತ್ತಿರ ಸೊನ್ನೆ. ಇದಕ್ಕೆ ಅವರು ಜ್ವಾಲೆಯಿಲ್ಲದ ಉತ್ಕರ್ಷಣ ಎಂದು ಹೆಸರಿಟ್ಟರು. ಇವತ್ತು ಹೆಚ್ಚಾಗಿ ಮೈಲ್ಡ್ ದಹನ ಅನ್ನುತ್ತಾರೆ.

ಗುಟ್ಟು ಇಷ್ಟೇ. ಉರಿದ ಬಿಸಿ ಹೊಗೆಯನ್ನೇ ಮತ್ತೆ ಗಾಳಿಗೆ ಬೆರೆಸುತ್ತಾರೆ. ಆಗ ಗಾಳಿಯಲ್ಲಿ ಆಕ್ಸಿಜನ್ ತೆಳುವಾಗುತ್ತದೆ, ಆದರೆ ಗಾಳಿ ಬಿಸಿಯಾಗಿರುವುದರಿಂದ ಇಂಧನ ತಾನಾಗಿಯೇ ಹೊತ್ತಿಕೊಳ್ಳುತ್ತದೆ. ಒಂದೇ ಕಡೆ ಧಗ್ಗನೆ ಉರಿಯುವ ಬದಲು ಎಲ್ಲ ಕಡೆ ಹರಡಿಕೊಂಡು ನಿಧಾನಕ್ಕೆ ಉರಿಯುತ್ತದೆ.

ಈ "ನಿಧಾನ" ಅನ್ನುವ ಪದದಲ್ಲೇ ಸಿಮ್ಯುಲೇಶನ್ ಮಾಡುವವರ ಕಷ್ಟವೆಲ್ಲ ಇದೆ. ಮಾಮೂಲಿ ಜ್ವಾಲೆಯಲ್ಲಿ ರಸಾಯನ ಕ್ರಿಯೆ ಎಷ್ಟು ಬೇಗ ನಡೆಯುತ್ತದೆ ಅಂದರೆ, ಇಂಧನ ಮತ್ತು ಗಾಳಿ ಬೆರೆತ ಕೂಡಲೇ ಉರಿದುಹೋಯಿತು ಎಂದು ಲೆಕ್ಕ ಹಾಕಿದರೂ ಉತ್ತರ ತೀರಾ ತಪ್ಪುವುದಿಲ್ಲ. ಇಲ್ಲಿ ಆ ಸೌಕರ್ಯ ಇಲ್ಲ. ಬೆರೆಯುವುದಕ್ಕೆ ಬೇಕಾದ ಸಮಯ ಮತ್ತು ಉರಿಯುವುದಕ್ಕೆ ಬೇಕಾದ ಸಮಯ ಎರಡೂ ಒಂದೇ ಅಳತೆಗೆ ಬಂದು ನಿಲ್ಲುತ್ತವೆ. ಯಾವುದನ್ನು ಕಡೆಗಣಿಸಿದರೂ ಪೆಟ್ಟು ಬೀಳುತ್ತದೆ.

ದ್ರವ, ಅನಿಲಗಳ ಹರಿವನ್ನು ಲೆಕ್ಕ ಹಾಕುವ ಓಪನ್‌ಫೋಮ್ ಅಥವಾ ಅಂಥದ್ದೇ ಇನ್ನೊಂದು ಸಾಫ್ಟ್‌ವೇರ್ ಸ್ವಲ್ಪ ಬಳಸಿ ಗೊತ್ತಿರುವ, ಮೊದಲ ಸಲ ಇಂಥ ಉರಿಗೆ ಕೈ ಹಾಕುತ್ತಿರುವ ಎಂಟೆಕ್ ಅಥವಾ ಪಿಎಚ್‌ಡಿ ವಿದ್ಯಾರ್ಥಿಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆದಿದ್ದೇನೆ.

ಹೆಜ್ಜೆ 1: ಅಳತೆ ಇರುವ ಜ್ವಾಲೆಯನ್ನೇ ಆರಿಸಿಕೊಳ್ಳಿ

ನಿಮ್ಮ ಕಾರ್ಖಾನೆಯ ಕುಲುಮೆಯಿಂದಲೇ ಶುರು ಮಾಡಬೇಡಿ. ನಾನು ಮಾಡಿದ ಮೊದಲ ತಪ್ಪೇ ಅದು. ಒಂದು ಕುಲುಮೆಯ ಚಿತ್ರ ಸಿಕ್ಕಿತು, ಮೆಶ್ ಮಾಡಿದೆ (ಅಂದರೆ ಒಳಗಿನ ಜಾಗವನ್ನು ಸಣ್ಣ ಸಣ್ಣ ಕೋಶಗಳಾಗಿ ಕತ್ತರಿಸಿದೆ), ಓಡಿಸಿದೆ. ಕೆಂಪು, ಹಳದಿ, ನೀಲಿ ಬಣ್ಣದ ಚಂದದ ಚಿತ್ರ ಬಂತು. ಸೆಮಿನಾರಿನಲ್ಲಿ ತೋರಿಸಿದೆ. ಹಿಂದಿನ ಸಾಲಿನಲ್ಲಿ ಕೂತಿದ್ದ ಹಿರಿಯರೊಬ್ಬರು "ಚೆನ್ನಾಗಿದೆಯಪ್ಪಾ, ಇದು ಸರಿ ಅಂತ ನಿನಗೆ ಹೇಗೆ ಗೊತ್ತು?" ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಕಲಿಯುವುದಕ್ಕೆ ಒಳ್ಳೆಯದು ಅಡಿಲೇಡ್ ಬರ್ನರ್. ಬಸ್ಸಾಮ್ ಡ್ಯಾಲಿ, ಅಡೋನಿಯೋಸ್ ಕಾರ್ಪೆಟಿಸ್ ಮತ್ತು ರಾಬರ್ಟ್ ಬಾರ್ಲೋ 2002ರಲ್ಲಿ ಅದರ ಅಳತೆಗಳನ್ನು ಪ್ರಕಟಿಸಿದರು. ರಚನೆ ಸರಳ. ನಡುವೆ 4.25 ಮಿಲಿಮೀಟರ್ ಒಳವ್ಯಾಸದ ಇಂಧನದ ಕೊಳವೆ. ಅದರ ಸುತ್ತ 82 ಮಿಲಿಮೀಟರ್ ವ್ಯಾಸದ ಬಳೆಯಾಕಾರದ ದಾರಿ. ಆ ದಾರಿಯಲ್ಲಿ ಇನ್ನೊಂದು ಪುಟ್ಟ ಬರ್ನರ್ ಬಿಸಿ ಹೊಗೆ ಮಾಡಿ ಕಳಿಸುತ್ತದೆ: 1300 ಕೆಲ್ವಿನ್, ಸೆಕೆಂಡಿಗೆ 3.2 ಮೀಟರ್. ಅದರ ಆಚೆ ಅದೇ ವೇಗದಲ್ಲಿ ತಣ್ಣನೆಯ ಗಾಳಿ. ಇಂಧನ ಮೀಥೇನ್ ಮತ್ತು ಹೈಡ್ರೋಜನ್ ಬೆರಕೆ. ಬಿಸಿ ಹೊಗೆಯಲ್ಲಿರುವ ಆಕ್ಸಿಜನ್ ತೂಕದ ಲೆಕ್ಕದಲ್ಲಿ 3, 6 ಮತ್ತು 9 ಶೇಕಡಾ. ಈ ಮೂರು ಜ್ವಾಲೆಗಳಿಗೆ ಎಚ್‌ಎಂ1, ಎಚ್‌ಎಂ2, ಎಚ್‌ಎಂ3 ಎಂದು ಹೆಸರು. ಲೇಸರ್ ಬಳಸಿ ತಾಪಮಾನ ಮತ್ತು ಮುಖ್ಯ ಅನಿಲಗಳ ಜೊತೆಗೆ ಹೈಡ್ರಾಕ್ಸಿಲ್, ಕಾರ್ಬನ್ ಮಾನಾಕ್ಸೈಡ್, ನೈಟ್ರಿಕ್ ಆಕ್ಸೈಡ್ ಕೂಡ ಅಳೆದಿದ್ದಾರೆ.

ನಮ್ಮ ಊರಿನ ಕೊಂಡಿಯೊಂದನ್ನು ಇಲ್ಲೇ ಹೇಳಿಬಿಡುತ್ತೇನೆ. ಅಡಿಲೇಡ್ ಲೇಖನ ಬಂದ ಅದೇ 29ನೇ ಅಂತರರಾಷ್ಟ್ರೀಯ ದಹನ ಸಮ್ಮೇಳನದ ಸಂಪುಟದಲ್ಲಿ ಬೆಂಗಳೂರಿನ ಐಐಎಸ್‌ಸಿಯ ಸುದರ್ಶನ್ ಕುಮಾರ್, ಪಿ. ಜೆ. ಪಾಲ್ ಮತ್ತು ಎಚ್. ಎಸ್. ಮುಕುಂದ ಅವರ ಲೇಖನವೂ ಇದೆ. ಗಾಳಿಯನ್ನು ಮೊದಲೇ ಕಾಯಿಸದೆ, ಜೋರಾದ ಜೆಟ್‌ಗಳಿಂದ ಹೊಗೆಯನ್ನು ಒಳಗೊಳಗೇ ಸುತ್ತಿಸಿ ಮೈಲ್ಡ್ ದಹನ ಸಾಧಿಸಿದ ಬರ್ನರ್ ಅದು. ಅಡಿಲೇಡ್ ಜ್ವಾಲೆ ಕೈಗೆ ಹತ್ತಿದ ಮೇಲೆ ಇದನ್ನು ಓದಿ.

ಎಚ್‌ಎಂ1, ಅಂದರೆ 3 ಶೇಕಡಾ ಆಕ್ಸಿಜನ್ ಇರುವುದೇ ಅತಿ ಕಷ್ಟದ್ದು. ನೀವು ಎಚ್‌ಎಂ3ರಿಂದ ಶುರು ಮಾಡಿ, ಆಮೇಲೆ ಕೆಳಗೆ ಬನ್ನಿ.

ಹೆಜ್ಜೆ 2: ಮೊದಲು ಕಾಗದ, ಪೆನ್ನು

ಕಂಪ್ಯೂಟರ್ ಮುಟ್ಟುವ ಮೊದಲು ಹತ್ತು ನಿಮಿಷದ ಒಂದು ಲೆಕ್ಕ ಮಾಡೋಣ. ಉತ್ತರ ಎಷ್ಟರ ಹತ್ತಿರ ಬರಬೇಕು ಎಂದು ಗೊತ್ತಿದ್ದರೆ ಆಮೇಲೆ ವಾರಗಟ್ಟಲೆ ಸಮಯ ಉಳಿಯುತ್ತದೆ.

ಇಂಧನದಲ್ಲಿ ಮೀಥೇನ್ ಮತ್ತು ಹೈಡ್ರೋಜನ್ ಸಮ ಗಾತ್ರದಲ್ಲಿವೆ ಎಂದುಕೊಳ್ಳಿ. ತೂಕದಲ್ಲಿ ಅದು 16ಕ್ಕೆ 2. ಅಂದರೆ ಒಂದು ಕಿಲೋ ಇಂಧನದಲ್ಲಿ ಮೀಥೇನ್ 0.889, ಹೈಡ್ರೋಜನ್ 0.111. ಒಂದು ಕಿಲೋ ಮೀಥೇನ್ ಉರಿಯಲು 4 ಕಿಲೋ ಆಕ್ಸಿಜನ್ ಬೇಕು, ಒಂದು ಕಿಲೋ ಹೈಡ್ರೋಜನ್‌ಗೆ 8 ಕಿಲೋ. ಕೂಡಿಸಿದರೆ ಒಂದು ಕಿಲೋ ಇಂಧನಕ್ಕೆ 4.44 ಕಿಲೋ.

ಎಚ್‌ಎಂ1ರ ಒಂದು ಕಿಲೋ ಬಿಸಿ ಹೊಗೆಯಲ್ಲಿ ಇರುವ ಆಕ್ಸಿಜನ್ ಬರೀ 30 ಗ್ರಾಂ. ಅದಕ್ಕೆ ಸರಿಹೊಂದುವ ಇಂಧನ 30 ಭಾಗಿಸು 4.44, ಅಂದರೆ ಸುಮಾರು 6.75 ಗ್ರಾಂ. ಬೆರಕೆಯಲ್ಲಿ ಇಂಧನದ ಪಾಲು 0.0067. ಒಂದಕ್ಕಿಂತ ಕಡಿಮೆ ಶೇಕಡಾ! ಜ್ವಾಲೆ ಇರಬೇಕಾದ ಜಾಗ ಜೆಟ್‌ನ ಒಳಗಲ್ಲ, ಹೊರ ಅಂಚಿನಲ್ಲಿ, ಹೆಚ್ಚುಕಡಿಮೆ ಬರೀ ಹೊಗೆಯೇ ಇರುವ ಕಡೆ ಎಂದು ಇದರಿಂದ ತಿಳಿಯುತ್ತದೆ. ಮೆಶ್ ಎಲ್ಲಿ ಒತ್ತಾಗಿರಬೇಕು ಅನ್ನುವುದೂ ಇಲ್ಲೇ ತೀರ್ಮಾನ ಆಯಿತು.

ಈಗ ಶಾಖ. ಕಿಲೋಗೆ ಮೀಥೇನ್ ಸುಮಾರು 50, ಹೈಡ್ರೋಜನ್ ಸುಮಾರು 120 ಮೆಗಾಜೂಲ್ ಕೊಡುತ್ತವೆ. ನಮ್ಮ ಬೆರಕೆಗೆ ಸುಮಾರು 58. ಹಾಗಾಗಿ 6.75 ಗ್ರಾಂಗೆ ಸುಮಾರು 390 ಕಿಲೋಜೂಲ್. ಈ ಬಿಸಿಯಲ್ಲಿ ಒಂದು ಕಿಲೋ ಅನಿಲವನ್ನು ಒಂದು ಕೆಲ್ವಿನ್ ಏರಿಸಲು ಬೇಕಾದ ಶಾಖ, ಅಂದರೆ ವಿಶಿಷ್ಟ ಶಾಖ, ಸುಮಾರು 1.35 ಕಿಲೋಜೂಲ್ ಎಂದು ಹಿಡಿದರೆ ತಾಪಮಾನ 290 ಕೆಲ್ವಿನ್‌ನಷ್ಟು ಏರುತ್ತದೆ. ತಣ್ಣನೆಯ ಇಂಧನವನ್ನು ಕಾಯಿಸಲು ಅದರಲ್ಲಿ ಒಂದು 20 ಕೆಲ್ವಿನ್ ಖರ್ಚು. ಕೊನೆಗೆ ಗರಿಷ್ಠ ತಾಪಮಾನ 1560–1570ರ ಆಸುಪಾಸು.

ನಿಮ್ಮ ಸಿಮ್ಯುಲೇಶನ್‌ನಲ್ಲಿ ಬಿಸಿ ಹೊಗೆಯ ಪದರದೊಳಗೆ 1900 ಕೆಲ್ವಿನ್ ಕಂಡರೆ ಮಾಡೆಲ್ ಬದಲಾಯಿಸಲು ಹೋಗಬೇಡಿ. ಎಲ್ಲೋ ಆಕ್ಸಿಜನ್ ಪ್ರಮಾಣ ತಪ್ಪಾಗಿ ತುಂಬಿದ್ದೀರಿ.

ಇದೇ ಇಂಧನ ಮಾಮೂಲಿ ಗಾಳಿಯಲ್ಲಿ ಉರಿದರೆ ಏರಿಕೆ ಹತ್ತಿರಹತ್ತಿರ 2000 ಕೆಲ್ವಿನ್. ಇಲ್ಲಿ 270. ಕವಾಲಿಯೆರೆ ಮತ್ತು ದೆ ಜೋವಾನನ್ 2004ರಲ್ಲಿ ಕೊಟ್ಟ ವ್ಯಾಖ್ಯೆ ಇದಕ್ಕೆ ಚೆನ್ನಾಗಿ ಹೊಂದುತ್ತದೆ: ಒಳಬರುವ ಬೆರಕೆಯ ತಾಪಮಾನ ತಾನಾಗಿ ಹೊತ್ತಿಕೊಳ್ಳುವ ತಾಪಮಾನಕ್ಕಿಂತ ಹೆಚ್ಚಿರಬೇಕು, ಉರಿದಾಗ ಆಗುವ ಏರಿಕೆ ಅದಕ್ಕಿಂತ ಕಡಿಮೆ ಇರಬೇಕು. ಎಚ್‌ಎಂ3ಕ್ಕೂ ಇದೇ ಲೆಕ್ಕ ನೀವೇ ಮಾಡಿ ನೋಡಿ. 750 ಕೆಲ್ವಿನ್ ಆಸುಪಾಸಿನ ಏರಿಕೆ ಬರಬೇಕು.

ಇನ್ನೊಂದು ಎಚ್ಚರಿಕೆ. ಈ ಜ್ವಾಲೆಯ ಮೇಲೆ ಬಂದಿರುವ ಸಿಮ್ಯುಲೇಶನ್ ಲೇಖನಗಳಲ್ಲೇ ಇಂಧನದ ಪ್ರಮಾಣವನ್ನು ಎರಡು ರೀತಿ ಬರೆದಿರುವುದು ಕಾಣುತ್ತದೆ: ಕೆಲವರದು ತೂಕದಲ್ಲಿ 80ಕ್ಕೆ 20, ಕೆಲವರದು 88ಕ್ಕೆ 11. ಎರಡನೆಯದೇ ಸಮ ಗಾತ್ರದ ಬೆರಕೆ. ಅದನ್ನು ಹಾಗೇ 0.88 ಮತ್ತು 0.11 ಎಂದು ತುಂಬಿದರೆ ಮೊತ್ತ 0.99. ಉಳಿದ 0.01ನ್ನು ಸಾಲ್ವರ್ (ಸಮೀಕರಣ ಬಿಡಿಸುವ ಪ್ರೋಗ್ರಾಂ) ಸುಮ್ನೆ ನೈಟ್ರೋಜನ್ ಎಂದು ತುಂಬಿಕೊಳ್ಳುತ್ತದೆ, ನಿಮಗೆ ಹೇಳುವುದೂ ಇಲ್ಲ. ನೀವು ಯಾವ ಅಳತೆಯ ಜೊತೆ ಹೋಲಿಸುತ್ತೀರೋ ಆ ಕಡತದಲ್ಲಿ ಏನಿದೆ ನೋಡಿ, ಅದನ್ನೇ ಹಾಕಿ.

ಹೆಜ್ಜೆ 3: ಒಂದು ಡಬ್ಬಿಯಲ್ಲಿ ಹೊತ್ತಿಸಿ ನೋಡಿ

ಕ್ಯಾಂಟೆರಾ ಎಂಬ ಉಚಿತ ಸಾಫ್ಟ್‌ವೇರ್ ಇದೆ, ಪೈಥಾನ್‌ನಲ್ಲಿ ನಡೆಯುತ್ತದೆ. ಅದರಲ್ಲಿ ಒಂದು ರಿಯಾಕ್ಟರ್ ಮಾಡಿ. ಹರಿವು, ಮೆಶ್ ಯಾವುದೂ ಬೇಡ. ಬಿಸಿ ಹೊಗೆಗೆ ಬೇರೆ ಬೇರೆ ಪ್ರಮಾಣದಲ್ಲಿ ಇಂಧನ ಬೆರೆಸಿ, ಎಷ್ಟು ಹೊತ್ತಿಗೆ ಹೊತ್ತಿಕೊಳ್ಳುತ್ತದೆ ನೋಡಿ. ಬೆರಕೆಯ ತಾಪಮಾನವನ್ನು ಸುಮ್ನೆ 1300 ಎಂದು ಇಟ್ಟುಬಿಡಬೇಡಿ. ಇಂಧನ 305 ಕೆಲ್ವಿನ್‌ನಲ್ಲಿ ಬರುತ್ತದೆ, ಜಾಸ್ತಿ ಇಂಧನ ಸೇರಿದಷ್ಟೂ ಬೆರಕೆ ತಣ್ಣಗಾಗುತ್ತದೆ. ಎಂಥಾಲ್ಪಿ, ಅಂದರೆ ಎರಡರಲ್ಲೂ ಇರುವ ಒಟ್ಟು ಶಾಖದ ಲೆಕ್ಕದಿಂದಲೇ ತಾಪಮಾನ ತೆಗೆಯಿರಿ.

ಆಗ ಒಂದು ವಿಚಿತ್ರ ಕಾಣುತ್ತದೆ. ಎಲ್ಲಕ್ಕಿಂತ ಬೇಗ ಹೊತ್ತಿಕೊಳ್ಳುವುದು ಲೆಕ್ಕಕ್ಕೆ ಸರಿಯಾದ ಬೆರಕೆ ಅಲ್ಲ, ಅದಕ್ಕಿಂತಲೂ ತೆಳುವಾದದ್ದು. ಅಲ್ಲಿ ಇಂಧನ ಕಡಿಮೆ, ಆದರೆ ಬಿಸಿ ಜಾಸ್ತಿ. ಇಲ್ಲಿ ಬಿಸಿಗೇ ಮೇಲುಗೈ. ಈ ತೆಳು ಪದರದಲ್ಲಿ ನಿಮ್ಮ ಮೆಶ್‌ಗೆ ಒಂದೆರಡು ಕೋಶವಷ್ಟೇ ಸಿಕ್ಕಿದರೆ ಹೊತ್ತುವ ಜಾಗ ತಪ್ಪಾಗುತ್ತದೆ.

ಇದೇ ಡಬ್ಬಿಯಲ್ಲಿ ರಸಾಯನ ಕ್ರಿಯೆಗಳ ಪಟ್ಟಿಯನ್ನೂ ಪರೀಕ್ಷೆ ಮಾಡಬಹುದು. ಮೀಥೇನ್ ಉರಿಗೆ ಎಲ್ಲರೂ ಬಳಸುವ ಪಟ್ಟಿ ಜಿಆರ್‌ಐ-ಮೆಕ್ 3.0ರಲ್ಲಿ 53 ಅನಿಲಗಳು, 325 ಕ್ರಿಯೆಗಳಿವೆ. ಮೊದಲ ಓಟಕ್ಕೆ ಅದು ಭಾರ. ನೈಟ್ರೋಜನ್‌ಗೆ ಸಂಬಂಧಿಸಿದ್ದನ್ನು ತೆಗೆದರೆ ಸುಮಾರು 36 ಅನಿಲಕ್ಕೆ ಇಳಿಯುತ್ತದೆ. ಇಪ್ಪತ್ತರ ಆಸುಪಾಸಿನ ಅನಿಲಗಳಿರುವ, ಡಿಆರ್‌ಎಂ ಎಂಬ ಕಿರಿದು ಮಾಡಿದ ಪಟ್ಟಿಗಳೂ ಇವೆ. ಯಾವ ಚಿಕ್ಕ ಪಟ್ಟಿ ತೆಗೆದುಕೊಂಡರೂ ಇಲ್ಲಿ ದೊಡ್ಡದರ ಜೊತೆ ಹೊತ್ತುವ ಸಮಯ ಹೋಲಿಸಿ ನೋಡಿ, ಆಮೇಲೆ ಒಪ್ಪಿ. ಒಂದೇ ಹೆಜ್ಜೆಯ ಕ್ರಿಯೆ, ಅಂದರೆ ಮೀಥೇನ್ ಸೇರಿ ಆಕ್ಸಿಜನ್ ನೇರವಾಗಿ ಕಾರ್ಬನ್ ಡೈಆಕ್ಸೈಡ್, ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ಹೊತ್ತಿಕೊಳ್ಳುವ ಕಥೆಯೆಲ್ಲ ನಡುವೆ ಹುಟ್ಟಿ ಸಾಯುವ ಚಿಕ್ಕಪುಟ್ಟ ಚುರುಕು ಕಣಗಳದ್ದು, ಅಂದರೆ ರ‍್ಯಾಡಿಕಲ್‌ಗಳದ್ದು. ಅವೇ ಇಲ್ಲದಿದ್ದರೆ ಕಥೆ ಎಲ್ಲಿಂದ ಬರಬೇಕು?

ಹೆಜ್ಜೆ 4: ಮೆಶ್ ಮತ್ತು ಅಂಚಿನ ಷರತ್ತುಗಳು

ಬರ್ನರ್ ಗುಂಡಗಿದೆ, ಸುತ್ತ ಒಂದೇ ಥರ ಇದೆ. ಹಾಗಾಗಿ ಪೂರ್ತಿ ಮೂರು ಆಯಾಮ ಬೇಡ. ಕಲ್ಲಂಗಡಿ ಹೋಳಿನ ಹಾಗೆ 5 ಡಿಗ್ರಿಯ ಒಂದು ತೆಳು ಹೋಳು ಸಾಕು. ಉದ್ದ ಒಂದು ಮೀಟರ್ ಇಟ್ಟುಕೊಳ್ಳಿ. ನಾನು ಇಪ್ಪತ್ತೈದು ಸಾವಿರ ಕೋಶಗಳಿಂದ ಶುರು ಮಾಡುತ್ತೇನೆ, ಕೊನೆಗೆ ಅದನ್ನು ಎರಡು ಪಟ್ಟು ಮಾಡಿ ಉತ್ತರ ಬದಲಾಗುತ್ತದೆಯೇ ನೋಡುತ್ತೇನೆ.

ಒಳಹರಿವು ಮೂರು: ಇಂಧನ, ಬಿಸಿ ಹೊಗೆ, ತಣ್ಣನೆಯ ಗಾಳಿ. ಎಚ್‌ಎಂ1ರ ಬಿಸಿ ಹೊಗೆಗೆ ತೂಕದ ಪಾಲು ಹೀಗೆ: ಆಕ್ಸಿಜನ್ 0.03, ನೀರಾವಿ 0.065, ಕಾರ್ಬನ್ ಡೈಆಕ್ಸೈಡ್ 0.055, ಉಳಿದ 0.85 ನೈಟ್ರೋಜನ್.

ಇಂಧನದ ವೇಗಕ್ಕೆ ರೆನಾಲ್ಡ್ಸ್ ಸಂಖ್ಯೆ (ಹರಿವಿನ ಜಡತ್ವಕ್ಕೂ ಸ್ನಿಗ್ಧತೆಗೂ ಇರುವ ಅನುಪಾತ) ಸುಮಾರು 10,000 ಎಂದು ಕೊಟ್ಟಿದ್ದಾರೆ. 305 ಕೆಲ್ವಿನ್‌ನಲ್ಲಿ ಈ ಬೆರಕೆಯ ಸಾಂದ್ರತೆ ಘನಮೀಟರಿಗೆ ಸುಮಾರು 0.36 ಕಿಲೋ. ಕೈಲೆಕ್ಕ ಹಾಕಿದರೆ ವೇಗ ಸೆಕೆಂಡಿಗೆ 70 ಮೀಟರ್ ಆಸುಪಾಸು ಬರುತ್ತದೆ. ಆದರೆ ಕೊಳವೆಯ ಬಾಯಿಯಲ್ಲಿ ಎಲ್ಲ ಕಡೆ ಒಂದೇ ವೇಗ ಇಟ್ಟುಬಿಡಬೇಡಿ. ನಿಜವಾದ ಕೊಳವೆಯಲ್ಲಿ ನಡುವೆ ಜಾಸ್ತಿ, ಗೋಡೆಯ ಹತ್ತಿರ ಕಡಿಮೆ. ವ್ಯಾಸದ 40 ಪಟ್ಟು ಉದ್ದದ ಕೊಳವೆಯನ್ನು ಬೇರೆಯಾಗಿ ಓಡಿಸಿ. ಅದರ ಕೊನೆಯ ವೇಗ ಮತ್ತು ಟರ್ಬುಲೆನ್ಸ್, ಅಂದರೆ ಹರಿವಿನ ಸುಳಿಗಳ ಏರುಪೇರು, ಎರಡನ್ನೂ ತಂದು ಇಲ್ಲಿ ಹಾಕಿ. ಅರ್ಧ ದಿನದ ಕೆಲಸ. ಮಾಡದೆ ಬಿಟ್ಟರೆ ಆಮೇಲೆ ಯಾವ ಮಾಡೆಲ್ ಸರಿ ಎಂದು ತಿಂಗಳುಗಟ್ಟಲೆ ತಲೆ ಕೆಡಿಸಿಕೊಳ್ಳುತ್ತೀರಿ. ಈ ಜ್ವಾಲೆ ಒಳಹರಿವಿನ ಟರ್ಬುಲೆನ್ಸ್‌ಗೆ ತುಂಬಾ ಸೂಕ್ಷ್ಮ.

ಬಿಸಿ ಹೊಗೆಯ ತಾಪಮಾನವೂ ಅಷ್ಟೇ, ಬಳೆಯ ಅಗಲದುದ್ದಕ್ಕೂ ಒಂದೇ ಸಮ ಇರುವುದಿಲ್ಲ. ಬರ್ನರ್ ಬಾಯಿಯ ಹತ್ತಿರದ ಅಳತೆ ಕೈಗೆ ಸಿಕ್ಕಿದರೆ ಅದನ್ನೇ ಹಾಕಿ.

ಹೆಜ್ಜೆ 5: ಬೆಂಕಿ ಇಲ್ಲದೆ ಓಡಿಸಿ

ಕ್ರಿಯೆಗಳನ್ನೆಲ್ಲ ಆಫ್ ಮಾಡಿ, ಬರೀ ಹರಿವು ಮತ್ತು ಬೆರೆಯುವಿಕೆ ನಡೆಯಲಿ.

ಇಲ್ಲಿ ಒಂದು ಹಳೆಯ ರೋಗ ಇದೆ. ಮಾಮೂಲಿ ಕೆ-ಎಪ್ಸಿಲಾನ್ ಟರ್ಬುಲೆನ್ಸ್ ಮಾಡೆಲ್ ಗುಂಡು ಜೆಟ್ ಅನ್ನು ಬೇಕಾದ್ದಕ್ಕಿಂತ ಜಾಸ್ತಿ ಹರಡಿಸುತ್ತದೆ. ಮದ್ದೂ ಹಳೆಯದೇ: ಸಿ-ಒನ್-ಎಪ್ಸಿಲಾನ್ ಎಂಬ ಸ್ಥಿರಾಂಕವನ್ನು 1.44ರಿಂದ 1.6ಕ್ಕೆ ಏರಿಸುವುದು. ಕ್ರಿಸ್ಟೋ ಮತ್ತು ಡ್ಯಾಲಿ 2005ರಲ್ಲಿ ಇದೇ ಅಡಿಲೇಡ್ ಜ್ವಾಲೆಗಳ ಮೇಲೆ ಹಲವು ಮಾಡೆಲ್‌ಗಳನ್ನು ತೂಗಿ ನೋಡಿದಾಗ ಹೀಗೆ ತಿದ್ದಿದ ಕೆ-ಎಪ್ಸಿಲಾನ್‌ಗೇ ಹೆಚ್ಚು ಅಂಕ ಸಿಕ್ಕಿತು.

ನನಗೆ ಇಂಥ ತೇಪೆ ಕೆಲಸ ಅಷ್ಟಾಗಿ ಇಷ್ಟ ಇಲ್ಲ. ಆದರೆ ಗೊತ್ತಿರುವ ತೇಪೆ, ಎಲ್ಲಿ ಹಾಕಿದ್ದೇವೆ ಎಂದು ಗೊತ್ತಿದ್ದರೆ ತೊಂದರೆ ಇಲ್ಲ. ನಿಮ್ಮ ವರದಿಯಲ್ಲಿ ಬರೆಯುವುದು ಮರೆಯಬೇಡಿ.

ಹೆಜ್ಜೆ 6: ಸುಳಿಗೂ ರಸಾಯನಕ್ಕೂ ಗಂಟು ಹಾಕುವುದು

ಇಡೀ ಕೆಲಸದ ತಿರುಳು ಇದು, ಇಲ್ಲಿ ಸ್ವಲ್ಪ ಹೊತ್ತು ಕೂರೋಣ.

ತೆಳು ಜ್ವಾಲೆಗಳ ಉತ್ತರವನ್ನು ಮೊದಲೇ ಲೆಕ್ಕ ಹಾಕಿ ಪಟ್ಟಿ ಮಾಡಿಟ್ಟುಕೊಳ್ಳುವ ಫ್ಲೇಮ್‌ಲೆಟ್ ಮಾಡೆಲ್ ಬಳಸಬಹುದಲ್ವಾ, ಬೇಗ ಮುಗಿಯುತ್ತದೆ ಎಂದು ಅನಿಸುತ್ತದೆ. ಮಾಮೂಲಿ ಫ್ಲೇಮ್‌ಲೆಟ್ ಎರಡು ಧಾರೆಗಳಿಗೆ ಮಾಡಿದ್ದು: ಒಂದು ಇಂಧನ, ಒಂದು ಗಾಳಿ. ಇಲ್ಲಿ ಧಾರೆ ಮೂರು. ಒಂದೇ ಮಿಕ್ಸ್ಚರ್ ಫ್ರ್ಯಾಕ್ಷನ್ (ಬೆರಕೆಯಲ್ಲಿ ಇಂಧನದ ಧಾರೆಯಿಂದ ಬಂದ ಪಾಲು) ಇಟ್ಟುಕೊಂಡು ಬಿಸಿ ಹೊಗೆ ಯಾವುದು, ತಣ್ಣನೆಯ ಗಾಳಿ ಯಾವುದು ಎಂದು ಬೇರೆ ಮಾಡಲು ಆಗುವುದಿಲ್ಲ. ಮೂರು ಧಾರೆಗಳಿಗೆ ಹೊಂದುವ ಫ್ಲೇಮ್‌ಲೆಟ್ ವಿಧಾನವನ್ನು ಇಹ್ಮೆ ಮತ್ತು ಸೀ ಇದೇ ಬರ್ನರ್ ಮೇಲೆ ಮಾಡಿ ತೋರಿಸಿದ್ದಾರೆ. ಆದರೆ ಮೊದಲ ಸಲದ ಕೆಲಸ ಅದಲ್ಲ.

ಹಾಗಾಗಿ ಇಡಿಸಿ, ಅಂದರೆ ಎಡ್ಡಿ ಡಿಸಿಪೇಶನ್ ಕಾನ್ಸೆಪ್ಟ್. ಮ್ಯಾಗ್ನುಸೆನ್ ಎಂಬ ನಾರ್ವೆಯ ವಿಜ್ಞಾನಿ ಕೊಟ್ಟ ಮಾಡೆಲ್. ಅದರ ಕಲ್ಪನೆ ಹೀಗೆ. ಗಟ್ಟಿ ಮೊಸರಿಗೆ ನೀರು ಹಾಕಿ ಕಡೆಗೋಲು ತಿರುಗಿಸಿ. ದೊಡ್ಡ ಸುಳಿಗಳು ಮೊಸರನ್ನು ಅತ್ತಿತ್ತ ಒಯ್ಯುತ್ತವೆ ಅಷ್ಟೇ. ನಿಜವಾಗಿ ಮೊಸರೂ ನೀರೂ ಒಂದಾಗುವುದು ಅತಿ ಸಣ್ಣ ಸುಳಿಗಳಲ್ಲಿ. ಹಾಗೆಯೇ ಪ್ರತಿ ಕೋಶದಲ್ಲೂ ಒಂದು ಸಣ್ಣ ಪಾಲು ಮಾತ್ರ ಸೂಕ್ಷ್ಮ ಸುಳಿ, ಕ್ರಿಯೆ ನಡೆಯುವುದು ಅದರೊಳಗೆ ಮಾತ್ರ ಎಂದು ಇಡಿಸಿ ಹೇಳುತ್ತದೆ. ಆ ಪಾಲು ಎಷ್ಟು ಎಂದು ಹೇಳುವ ಸ್ಥಿರಾಂಕ ಸಿ-ಗಾಮಾ, ಮೂಲ ಬೆಲೆ 2.1377. ಅದರೊಳಗೆ ಅನಿಲ ಎಷ್ಟು ಹೊತ್ತು ಇರುತ್ತದೆ ಎಂದು ಹೇಳುವುದು ಸಿ-ಟೌ, ಮೂಲ ಬೆಲೆ 0.4083.

ಈ ಬೆಲೆಗಳು ಜೋರಾದ ಟರ್ಬುಲೆನ್ಸ್, ಬೇಗ ಉರಿಯುವ ಜ್ವಾಲೆಗಳಿಗೆ ಸರಿ. ನಮ್ಮ ಜ್ವಾಲೆಯಲ್ಲಿ ಏನಾಗುತ್ತದೆ ಎಂದು ಮತ್ತೆ ಪೆನ್ನು ಹಿಡಿದು ನೋಡೋಣ.

ಸೂಕ್ಷ್ಮ ಸುಳಿಯ ಉದ್ದದ ಪಾಲು ಅಂದರೆ ಸಿ-ಗಾಮಾವನ್ನು ಟರ್ಬುಲೆಂಟ್ ರೆನಾಲ್ಡ್ಸ್ ಸಂಖ್ಯೆಯ ನಾಲ್ಕನೇ ಮೂಲದಿಂದ ಭಾಗಿಸಿದ್ದು. ಪಾಲು ಎಂದ ಮೇಲೆ ಒಂದಕ್ಕಿಂತ ಜಾಸ್ತಿ ಆಗುವ ಹಾಗಿಲ್ಲ. 2.1377ರ ನಾಲ್ಕನೇ ಘಾತ 20.9. ಅಂದರೆ ಟರ್ಬುಲೆಂಟ್ ರೆನಾಲ್ಡ್ಸ್ ಸಂಖ್ಯೆ 21ಕ್ಕಿಂತ ಕೆಳಗೆ ಇಳಿದರೆ ಮಾಡೆಲ್‌ಗೆ ಅರ್ಥವೇ ಇಲ್ಲ.

ಬಿಸಿ ಹೊಗೆಯ ಹರಿವು ಸೆಕೆಂಡಿಗೆ 3.2 ಮೀಟರ್. ಟರ್ಬುಲೆನ್ಸ್ ತೀವ್ರತೆ 5 ಶೇಕಡಾ ಎಂದು ಊಹಿಸಿ. ದೊಡ್ಡ ಸುಳಿಯ ಉದ್ದ 82 ಮಿಲಿಮೀಟರಿನ 7 ಶೇಕಡಾ, ಅಂದರೆ 5.7 ಮಿಲಿಮೀಟರ್. 1300 ಕೆಲ್ವಿನ್‌ನಲ್ಲಿ ಅನಿಲದ ಚಲನ ಸ್ನಿಗ್ಧತೆ ಕೋಣೆಯ ಗಾಳಿಗಿಂತ ಹತ್ತು ಪಟ್ಟಿಗೂ ಹೆಚ್ಚು. ಇದನ್ನೆಲ್ಲ ಹಾಕಿದರೆ ಟರ್ಬುಲೆಂಟ್ ರೆನಾಲ್ಡ್ಸ್ ಸಂಖ್ಯೆ ಸುಮಾರು 38 ಬರುತ್ತದೆ. ಪಾಲು 0.86. ಇಡೀ ಕೋಶವೇ ಸೂಕ್ಷ್ಮ ಸುಳಿ ಎಂದ ಹಾಗಾಯಿತು! ಈಗ ತೀವ್ರತೆಯನ್ನು 5ರಿಂದ 2 ಶೇಕಡಾಕ್ಕೆ ಇಳಿಸಿ. ರೆನಾಲ್ಡ್ಸ್ ಸಂಖ್ಯೆ 15, ಪಾಲು 1.08. ಮಾಡೆಲ್ ಮುರಿದುಬಿತ್ತು. ಆದರೆ ಸಾಲ್ವರ್ ಅದನ್ನು ಮಿತಿಯಲ್ಲಿ ಕತ್ತರಿಸಿ ಮುಂದೆ ಹೋಗುತ್ತದೆ. ಪರದೆಯ ಮೇಲೆ ಕೆಂಪು ಅಕ್ಷರದಲ್ಲಿ ಏನೂ ಬರುವುದಿಲ್ಲ.

ನನಗೆ ಇದು ಗೊತ್ತಾಗಿದ್ದು ಮೂರು ವಾರ ಕಳೆದ ಮೇಲೆ. ಪಾಲನ್ನೇ ಒಂದು ಚಿತ್ರವಾಗಿ ಬಿಡಿಸಿ ನೋಡಿದೆ. ಬಿಸಿ ಹೊಗೆಯ ಪ್ರದೇಶವೆಲ್ಲ ಒಂದೇ ಬಣ್ಣ, ಮಿತಿಗೆ ಬಡಿದು ನಿಂತಿತ್ತು. ನೀವು ಮೊದಲ ದಿನವೇ ಆ ಚಿತ್ರ ಬಿಡಿಸಿ.

ಈಗ ಮದ್ದು. ಡೆಲ್ಫ್ಟ್‌ನಲ್ಲಿ ಇಂಥದ್ದೇ ಇನ್ನೊಂದು ಬರ್ನರ್ ಇದೆ. ಅದರ ಜ್ವಾಲೆಗಳ ಮೇಲೆ ಅಶೋಕ್ ದೇ ಮತ್ತು ಸಂಗಡಿಗರು 2011ರಲ್ಲಿ ಇಡಿಸಿ ಪರೀಕ್ಷಿಸಿದರು. ಮೂಲ ಬೆಲೆಗಳಲ್ಲಿ ಜ್ವಾಲೆ ಬೇಗ ಹೊತ್ತಿಕೊಂಡು ತಾಪಮಾನ ಜಾಸ್ತಿ ತೋರಿಸುತ್ತಿತ್ತು. ಸಿ-ಟೌ ಅನ್ನು 0.4083ರಿಂದ 3ಕ್ಕೆ ಏರಿಸಿದಾಗ ಸುಧಾರಿಸಿತು. ಅನಿಲ ಸುಳಿಯೊಳಗೆ ಜಾಸ್ತಿ ಹೊತ್ತು ಇದ್ದರೆ, ಅದರೊಳಕ್ಕೂ ಹೊರಕ್ಕೂ ಆಗುವ ವಿನಿಮಯ ನಿಧಾನ ಆಗುತ್ತದೆ, ಒಟ್ಟಾರೆ ಕ್ರಿಯೆಯ ವೇಗ ಇಳಿಯುತ್ತದೆ. ಆಮೇಲೆ 2016ರಲ್ಲಿ ಪರೆಂತೆ ಮತ್ತು ಸಂಗಡಿಗರು ಇನ್ನೊಂದು ದಾರಿ ಹಿಡಿದರು. ಸ್ಥಿರಾಂಕಗಳನ್ನು ಸ್ಥಿರ ಇಡುವುದೇ ಬೇಡ, ಪ್ರತಿ ಕೋಶದ ಟರ್ಬುಲೆಂಟ್ ರೆನಾಲ್ಡ್ಸ್ ಮತ್ತು ಡ್ಯಾಮ್‌ಕೋಲರ್ ಸಂಖ್ಯೆ (ಬೆರೆಯುವ ಸಮಯಕ್ಕೂ ಉರಿಯುವ ಸಮಯಕ್ಕೂ ಇರುವ ಅನುಪಾತ) ನೋಡಿ ಬದಲಾಗಲಿ ಎಂದರು. ಓಪನ್‌ಫೋಮ್‌ನ ಇಡಿಸಿಯಲ್ಲಿ ವಿ2016 ಎಂಬ ಆಯ್ಕೆ ಇದೆ, ಅದು ಇದೇ.

ನನ್ನ ಸಲಹೆ: ಮೂರು ಸಲ ಓಡಿಸಿ. ಮೂಲ ಬೆಲೆಗಳಲ್ಲಿ ಒಂದು, ಸಿ-ಟೌ 3 ಇಟ್ಟು ಒಂದು, ವಿ2016 ಇಟ್ಟು ಒಂದು. ಮೂರನ್ನೂ ಒಂದೇ ಗ್ರಾಫ್ ಮೇಲೆ ಹಾಕಿ. ಅಳತೆಗೆ ಹೊಂದುವ ತನಕ ಸಿ-ಟೌ ಅನ್ನು 1.7, 2.1, 2.6 ಎಂದು ತಿರುಗಿಸುತ್ತಾ ಕೂರಬೇಡಿ. ಅದು ರೇಡಿಯೋ ಟ್ಯೂನ್ ಮಾಡಿದ ಹಾಗೆ. ಎಚ್‌ಎಂ1ಕ್ಕೆ ಹೊಂದಿದ ಬೆಲೆ ಎಚ್‌ಎಂ3ಕ್ಕೆ ಕೈ ಕೊಡುತ್ತದೆ.

ಹೆಜ್ಜೆ 7: ಹೊತ್ತಿಸುವುದು

ಕಿಡಿ ಬೇಡ. ಹರಿವು ನೆಲೆಗೊಂಡ ಮೇಲೆ ಕ್ರಿಯೆಗಳನ್ನು ಆನ್ ಮಾಡಿ ಸುಮ್ನೆ ಕಾಯಿರಿ. 1300 ಕೆಲ್ವಿನ್ ಹೊಗೆ ತನ್ನ ಕೆಲಸ ತಾನೇ ಮಾಡುತ್ತದೆ. ಹೊತ್ತಲೇ ಇಲ್ಲ ಎಂದು ನಡುವೆ 2000 ಕೆಲ್ವಿನ್‌ನ ಒಂದು ತೇಪೆ ಹಾಕುವವರಿದ್ದಾರೆ. ಹಾಗೆ ಮಾಡಿದರೆ ತಾನಾಗಿ ಹೊತ್ತುತ್ತದೋ ಇಲ್ಲವೋ ಅನ್ನುವ ಮುಖ್ಯ ಪ್ರಶ್ನೆಯನ್ನೇ ಮುಚ್ಚಿಹಾಕಿದಂತೆ. ಹೊತ್ತದಿದ್ದರೆ ಹೆಜ್ಜೆ 3ಕ್ಕೆ ಹೋಗಿ, ಅದೇ ಕ್ರಿಯೆಗಳ ಪಟ್ಟಿ ಡಬ್ಬಿಯಲ್ಲಿ ಹೊತ್ತುತ್ತದೆಯೇ ನೋಡಿ.

ಓಪನ್‌ಫೋಮ್‌ನಲ್ಲಾದರೆ ರಿಯಾಕ್ಟಿಂಗ್‌ಫೋಮ್ ಸಾಲ್ವರ್, ಪ್ರತಿ ಕೋಶಕ್ಕೂ ಬೇರೆ ಕಾಲಹೆಜ್ಜೆ ಕೊಡುವ ಎಲ್‌ಟಿಎಸ್ ಆಯ್ಕೆ ಸಾಕು. ಡಿಎಲ್‌ಆರ್-ಎ ಎಂಬ ಜ್ವಾಲೆಯ ಟ್ಯುಟೋರಿಯಲ್ ಅದರ ಜೊತೆಗೇ ಬರುತ್ತದೆ, ಅದನ್ನು ನಕಲು ಮಾಡಿಕೊಂಡು ಬದಲಾಯಿಸುವುದು ಸುಲಭ. ಸಮಯ ತಿನ್ನುವುದೆಲ್ಲ ರಸಾಯನವೇ. ಪ್ರತಿ ಕೋಶದಲ್ಲೂ ಹತ್ತಾರು ಅನಿಲಗಳ ಸಮೀಕರಣ ಬಿಡಿಸಬೇಕಲ್ಲ. ಲ್ಯಾಪ್‌ಟಾಪ್‌ನಲ್ಲಾದರೆ ದಿನಗಟ್ಟಲೆ ಹಿಡಿಯುತ್ತದೆ, ಫ್ಯಾನ್ ಸದ್ದಿಗೆ ಮನೆಯವರು ಬೈಯ್ಯುತ್ತಾರೆ.

ಹೆಜ್ಜೆ 8: ಅಳತೆಯ ಜೊತೆ ಹೋಲಿಸುವುದು

ಎಲ್ಲರೂ ಮೊದಲು ತಾಪಮಾನ ನೋಡುತ್ತಾರೆ. ನೀವು ಮೊದಲು ಮಿಕ್ಸ್ಚರ್ ಫ್ರ್ಯಾಕ್ಷನ್ ನೋಡಿ. ಅದು ಬಿಲ್ಗರ್ ಸೂತ್ರದಿಂದ ಬರುವ, ಬೆರೆಯುವಿಕೆಯ ಅಳತೆ. ಅದೇ ತಪ್ಪಿದ್ದರೆ ತಾಪಮಾನ ಹೊಂದಿದ್ದು ಬರೀ ಅದೃಷ್ಟ. ಎರಡು ತಪ್ಪುಗಳು ಒಂದನ್ನೊಂದು ಕಳೆದುಕೊಂಡಿರುತ್ತವೆ.

ಅಳತೆಗಳು ಬರ್ನರ್ ಬಾಯಿಯಿಂದ 30, 60, 120, 200 ಮಿಲಿಮೀಟರ್ ಎತ್ತರದಲ್ಲಿವೆ. 30 ಮತ್ತು 60ರಲ್ಲಿ ನಿಜವಾದ ಪರೀಕ್ಷೆ. ಸುಮಾರು 100 ಮಿಲಿಮೀಟರ್ ದಾಟಿದ ಮೇಲೆ ಹೊರಗಿನ ತಣ್ಣನೆಯ ಗಾಳಿ ಬಂದು ಸೇರಿಕೊಳ್ಳುತ್ತದೆ. ಅಲ್ಲಿ ಆಕ್ಸಿಜನ್ ಮತ್ತೆ ಏರುತ್ತದೆ, ಅದು ಮೈಲ್ಡ್ ದಹನವೇ ಅಲ್ಲ. 200 ಮಿಲಿಮೀಟರಿನಲ್ಲಿ ಹೊಂದಲಿಲ್ಲ ಎಂದು ಮಾಡೆಲ್ ಮೇಲೆ ಸಿಟ್ಟಾಗಬೇಡಿ. ಮೊದಲು ಹೊರಗಾಳಿಯ ಟರ್ಬುಲೆನ್ಸ್ ಏನು ಕೊಟ್ಟಿದ್ದೀರಿ ನೋಡಿ.

ಸಿಮ್ಯುಲೇಶನ್ ಕೊಡುವುದು ಸಾಂದ್ರತೆ ಹಿಡಿದು ತೂಗಿದ ಸರಾಸರಿ, ಅಂದರೆ ಫಾವ್ರ್ ಸರಾಸರಿ. ಕಡತದಲ್ಲಿರುವುದು ಅದೋ ಅಥವಾ ಮಾಮೂಲಿ ಸರಾಸರಿಯೋ ಎಂದು ನೋಡಿಕೊಂಡು ಹೋಲಿಸಿ.

ತಾಪಮಾನ ಹೊಂದಿದ ಮೇಲೆ ಹೈಡ್ರಾಕ್ಸಿಲ್, ಕಾರ್ಬನ್ ಮಾನಾಕ್ಸೈಡ್ ನೋಡಿ. ಇಲ್ಲಿ ಎಲ್ಲರ ಬಣ್ಣ ಬಯಲಾಗುತ್ತದೆ. ತಾಪಮಾನದ ಗೆರೆ ಎಷ್ಟೇ ಚೆನ್ನಾಗಿ ಕೂತಿದ್ದರೂ ಇವು ದೂರ ಹೋಗಿರುತ್ತವೆ. ಒಂದು ಕಾರಣ ಹೈಡ್ರೋಜನ್. ಅದು ಹಗುರ, ಉಳಿದ ಅನಿಲಗಳಿಗಿಂತ ಬಹಳ ಬೇಗ ಹರಡುತ್ತದೆ. ಎಲ್ಲ ಅನಿಲಗಳೂ ಒಂದೇ ವೇಗದಲ್ಲಿ ಹರಡುತ್ತವೆ ಎಂದು ನಿಮ್ಮ ಸಾಲ್ವರ್ ಹಿಡಿದಿದ್ದರೆ, ಜೆಟ್‌ನಿಂದ ಮುಂಚೆಯೇ ತಪ್ಪಿಸಿಕೊಂಡು ಬಿಸಿ ಹೊಗೆಗೆ ಸೇರುವ ಹೈಡ್ರೋಜನ್ ಲೆಕ್ಕಕ್ಕೇ ಸಿಗುವುದಿಲ್ಲ. ಬೇರೆ ಬೇರೆ ಹರಡುವಿಕೆಯನ್ನು ಸೇರಿಸಿದರೆ ಉತ್ತರ ಸುಧಾರಿಸುತ್ತದೆ ಎಂದು ಕ್ರಿಸ್ಟೋ ಮತ್ತು ಡ್ಯಾಲಿ ಕೂಡ ಕಂಡಿದ್ದರು. ನಿಮ್ಮ ಆವೃತ್ತಿಯಲ್ಲಿ ಆ ಸೌಲಭ್ಯ ಇದೆಯೇ ಎಂದು ಮೊದಲೇ ಹುಡುಕಿ.

ನೈಟ್ರಿಕ್ ಆಕ್ಸೈಡ್ ಬೇಕಿದ್ದರೆ ಅದನ್ನು ಕೊನೆಗೆ, ಜ್ವಾಲೆ ಪೂರ್ತಿ ಸರಿಹೋದ ಮೇಲೆ ಮಾಡಿ. 1560 ಕೆಲ್ವಿನ್‌ನಲ್ಲಿ ಥರ್ಮಲ್ ದಾರಿಯಿಂದ, ಅಂದರೆ ಅತಿ ಬಿಸಿಯಲ್ಲಿ ಗಾಳಿಯ ನೈಟ್ರೋಜನ್ ಆಕ್ಸಿಜನ್ ಜೊತೆ ಸೇರಿ, ಹುಟ್ಟುವುದು ನಗಣ್ಯ. ಪ್ರಾಂಪ್ಟ್ ದಾರಿ, ನೈಟ್ರಸ್ ಆಕ್ಸೈಡ್ ದಾರಿ ಮತ್ತು ಹೈಡ್ರೋಜನ್ ಇರುವ ಇಂಧನಗಳಲ್ಲಿ ಎನ್‌ಎನ್‌ಎಚ್ ದಾರಿ, ಇವೇ ಮುಖ್ಯ. ಥರ್ಮಲ್ ಒಂದನ್ನೇ ಆನ್ ಮಾಡಿ "ಸೊನ್ನೆ ಬಂತು, ನೋಡಿ ಎಷ್ಟು ಸ್ವಚ್ಛ" ಎಂದು ಬರೆದ ವರದಿಯನ್ನು ನಾನು ಕಣ್ಣಾರೆ ನೋಡಿದ್ದೇನೆ.

ಎಚ್‌ಎಂ3 ಹೊಂದಿತೇ? ಈಗ ಬೇರೇನನ್ನೂ ಮುಟ್ಟದೆ ಬಿಸಿ ಹೊಗೆಯ ಆಕ್ಸಿಜನ್ ಅನ್ನು 0.09ರಿಂದ 0.06ಕ್ಕೆ ಇಳಿಸಿ, ಆ ಪಾಲನ್ನು ನೈಟ್ರೋಜನ್‌ಗೆ ಕೊಟ್ಟು ಮತ್ತೆ ಓಡಿಸಿ. ಆಮೇಲೆ 0.03. ಎಚ್‌ಎಂ1ರಲ್ಲಿ 30 ಮಿಲಿಮೀಟರ್ ಎತ್ತರದ ತಾಪಮಾನದ ಗೆರೆ ನಡುವಿನ ತಣ್ಣನೆಯ ಜೆಟ್ ದಾಟಿದ ಮೇಲೆ ಹೆಚ್ಚುಕಡಿಮೆ ಚಪ್ಪಟೆಯಾಗಿ ಬರಬೇಕು, ಜೆಟ್‌ನ ಅಂಚಿನಲ್ಲಿ ಒಂದು ಸಣ್ಣ ಉಬ್ಬು ಅಷ್ಟೇ. ಮೊದಲ ಸಲ ಅದನ್ನು ಕಂಡಾಗ ಲೆಕ್ಕ ಕೆಟ್ಟಿದೆ, ಬೆಂಕಿಯೇ ಹೊತ್ತಿಲ್ಲ ಎಂದುಕೊಂಡು ನಾನು ಆ ಫೋಲ್ಡರನ್ನೇ ಅಳಿಸಿಹಾಕಿದ್ದೆ.